ಸಾರಕ್ಕಿಗೆ ನಾವು ಬಂದ ಕಾರಣ

ಭೂಪಟ ಕೈಗೆ ಕೊಟ್ಟರೆ ಅದನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ನನಗೆ ಇಂದಿಗೂ ಅನುಮಾನ. ಹೈಸ್ಕೂಲಿನಲ್ಲಂತೂ ಭೂಗೋಳವೆಂದರೆ ಜ್ವರ ಬರುತ್ತಿತ್ತು. ನದಿ, ಬೆಟ್ಟಗಳು ಸಾಲದೆಂದು ಆ ವರ್ಷ ಮನುಷ್ಯರ ವಸತಿಯ ಬಗ್ಗೆಯೂ ಪಾಠ ಬಂತು. ಸಾರಕ್ಕಿಯಿಂದ ಜಯನಗರದ ಶಾಲೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಮನುಷ್ಯರು ಸಿಗುತ್ತಿದ್ದರು. ಅವರಲ್ಲಿ ಓದಿ ಬಾಯಿಪಾಠ ಮಾಡುವಂಥದ್ದು ಏನೂ ನನಗೆ ಕಂಡಿರಲಿಲ್ಲ.

ನಮ್ಮ ಊರಿನಲ್ಲಿ ಜನ ಏಕೆ ನೆಲೆಸಿದರೆಂದು ಹಿರಿಯರನ್ನು ಕೇಳಿ ಬರೆಯಲು ಮೇಷ್ಟ್ರು ಹೇಳಿದರು. ಹತ್ತು ಅಂಕ. ಅದರಲ್ಲಿ ಆರು ಬಾರದಿದ್ದರೆ ನಾನು ಫೇಲು. ಫೇಲಾದರೆ ಓದು ಬಿಡಿಸುತ್ತೇನೆಂದು ಅಪ್ಪ ಆಗಲೇ ಹೇಳಿದ್ದರು. ಅಜ್ಜಿಯನ್ನು ಕೇಳಿದೆ. "ನಾವು ಹುಳಿಮಾವಲ್ಲಿದ್ವಿ ಕಣೋ. ನಿಮ್ಮ ತಾತನಿಗೆ ಅವರಣ್ಣ ಮೂರು ಹೊತ್ತೂ ಬುದ್ಧಿ ಹೇಳೋರು. ಕೂಗಿದ್ರೂ ಕೇಳಿಸ್ಬಾರದು ಅಂತ ಇಷ್ಟು ದೂರ ಬಂದ್ವಿ," ಎಂದರು. ಹಾಗೆಯೇ ಬರೆದೆ.

ಮೇಷ್ಟ್ರು ಸೊನ್ನೆ ಹಾಕಿದರು. ನೀರು, ಫಲವತ್ತಾದ ಮಣ್ಣು, ಅನುಕೂಲವಾದ ದಾರಿ, ಇವೇ ಕಾರಣಗಳೆಂದು ಪುಸ್ತಕ ತೋರಿಸಿದರು. ಅಜ್ಜಿ ಹೇಳಿದ್ದನ್ನೇ ಬರೆದಿದ್ದೇನೆ ಸಾರ್ ಎಂದು ನಾನು ಅತ್ತುಬಿಟ್ಟೆ. ಮೇಷ್ಟ್ರು ಒಳ್ಳೆಯ ಮನುಷ್ಯರು, ವಿಚಾರಿಸಿಯೇ ಬಿಡೋಣವೆಂದು ಶನಿವಾರ ಮಧ್ಯಾಹ್ನ ಮನೆಗೇ ಬಂದರು.

ಅಜ್ಜಿ ಮಜ್ಜಿಗೆ ಕೊಟ್ಟು, "ನೀವು ಮೊದಲು ಎಲ್ಲಿದ್ರಿ ಮೇಷ್ಟ್ರೇ?" ಎಂದು ಕೇಳಿದರು.

"ಚಾಮರಾಜಪೇಟೆ."

"ಅಲ್ಲಿ ನಲ್ಲೀಲಿ ನೀರಿತ್ತು, ಪಕ್ಕದಲ್ಲೇ ಮಾರ್ಕೆಟ್ಟಿತ್ತು. ಅದನ್ನ ಬಿಟ್ಟು ಜಯನಗರದ ಬಯಲಿಗೆ ಯಾಕ್ ಬಂದ್ರಿ?"

ಮೇಷ್ಟ್ರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ, "ಅಲ್ಲಿ ನಮ್ಮಣ್ಣ ಇದಾರಮ್ಮ," ಎಂದರು. ಅಜ್ಜಿ ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿದರು.

ಸೋಮವಾರ ನೋಡಿದರೆ ನನ್ನ ಸೊನ್ನೆಗೆ ಮೇಲೊಂದು ಬಾಲ ಬಂದು ಅದು ಆರಾಗಿತ್ತು. ಪಾಸಾದೆ, ಮುಂದೆ ಓದಿದೆ, ಕೆಲಸವೂ ಸಿಕ್ಕಿತು. ಸಾರಕ್ಕಿಯ ಅದೇ ಮನೆಯಲ್ಲಿ ತಮ್ಮನೊಂದಿಗೆ ಸುಖವಾಗಿದ್ದೇನೆ. ಹೋದ ವಾರ ಮಾತ್ರ ಒಂದು ಸುದ್ದಿ ಬಂತು. ತಮ್ಮ ಬನಶಂಕರಿ ಗುಡಿಯಾಚೆ ಬೇರೆ ಮನೆ ನೋಡಿದ್ದಾನಂತೆ. ಅಲ್ಲಿ ನೀರಿಲ್ಲ, ಬಸ್ಸಿಲ್ಲ, ಯಾಕೋ ಎಂದು ಕೇಳಿದೆ. "ಗಾಳಿ ಚೆನ್ನಾಗಿದೆ ಅಣ್ಣ," ಎಂದ. ಸಾರಕ್ಕಿಯ ಗಾಳಿಗೆ ಏನು ಕಡಿಮೆಯಾಗಿದೆಯೆಂದು ಅವನನ್ನು ಕೂರಿಸಿಕೊಂಡು ಒಂದು ಗಂಟೆ ಬುದ್ಧಿ ಹೇಳಿದೆ.