ನಮ್ಮ ಸೈಟಿನಲ್ಲಿ ಕ್ಯಾರವಾನ್ ತಂಗಿದ್ದು

ಒಂದು ಗಾಡಿ ಒಂದು ರಾತ್ರಿ ನಿಲ್ಲಬೇಕು. ಅದಕ್ಕೆ ಏನು ಬೇಕು? ಜಾಗ ಬೇಕು. ಜಾಗ ನಮ್ಮ ಹತ್ತಿರ ಇತ್ತು. ಆದ್ದರಿಂದ ಇದು ಬಹಳ ಸುಲಭದ ಕೆಲಸ ಎಂದು ನಾನು ತೀರ್ಮಾನಿಸಿದೆ. ತೀರ್ಮಾನಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಕೆ.ಆರ್. ಪುರದಲ್ಲಿ ಹಳೇ ಮದ್ರಾಸ್ ರಸ್ತೆಯಿಂದ ಒಳಕ್ಕೆ ತಿರುಗಿದರೆ ನಮ್ಮ ಮನೆ. ಮನೆಗೆ ಅಂಟಿಕೊಂಡು ಒಂದು ಖಾಲಿ ಸೈಟು. ಅದು ನನ್ನ ಹೆಂಡತಿ ವಿಶಾಲಾಕ್ಷಿಗೆ ತವರಿನಿಂದ ಬಂದದ್ದು. ವಿಶಾಲು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಈಗ ಮನೆಯಲ್ಲಿ ಮಂಚ ಖಾಲಿ, ಪಕ್ಕದಲ್ಲಿ ಸೈಟು ಖಾಲಿ. ನಾನು ನಡುಮನೆಯ ಕುರ್ಚಿಯಲ್ಲಿ ಕೂತು, ಟಿ.ವಿ. ಹಾಕಿಕೊಂಡು, ಬೆಳಗಾಗುವುದನ್ನು ಕಾಯುವವನು.

ಗಾಡಿ ನಿಲ್ಲಿಸುವ ಯೋಚನೆ ಅವಳದು. ಒಮ್ಮೆ ಬಾದಾಮಿಗೆ ಹೋಗಿದ್ದಾಗ ಒಂದು ಪೆಟ್ರೋಲ್ ಬಂಕಿನಲ್ಲಿ ಅವಳಿಗೆ ಶಿವಲೀಲಾ ಎನ್ನುವವರ ಪರಿಚಯವಾಯಿತು. ಬೆಳಗಾವಿ ಕಡೆಯವರು. ಅವರೂ ಅವರ ಗಂಡ ಮಲ್ಲಣ್ಣನೂ ಒಂದು ಹಳೇ ಟೆಂಪೋ ಟ್ರಾವೆಲರ್ ತೆಗೆದುಕೊಂಡು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು ಎಲ್ಲ ಕೂರಿಸಿ, ಕ್ಯಾರವಾನ್ ಮಾಡಿಕೊಂಡು ಊರೂರು ತಿರುಗುತ್ತಿದ್ದರು.

"ಬಂಕಿನ್ಯಾಗ ನಿಂದ್ರಿಸಿದ್ರ ಎಬ್ಬಸ್ತಾರ, ರಸ್ತಾದಾಗ ನಿಂದ್ರಿಸಿದ್ರ ಪೊಲೀಸ್ರು ಬಂದು ಗ್ಲಾಸ್ ಬಡೀತಾರ. ಮನಿ ಬೆನ್ನಿಗೆ ಕಟ್ಕೊಂಡು ಬಂದೀವ್ರಿ ಅಕ್ಕಾರ, ಇಳಸಾಕ ಜಾಗಾ ಇಲ್ಲ ನೋಡ್ರಿ" ಎಂದು ಶಿವಲೀಲಾ ಹೇಳಿದರು.

ವಿಶಾಲು ಆಗಲೇ ತನ್ನ ಫೋನ್ ನಂಬರ್ ಕೊಟ್ಟು, "ತಿರುಪತಿಗೆ ಹೋಗುವಾಗ ನಮ್ಮ ಸೈಟಿಗೆ ಬನ್ನಿ" ಎಂದು ಕರೆದೇಬಿಟ್ಟಳು. ವಾಪಸ್ ಬರುವ ಬಸ್ಸಿನಲ್ಲಿ ಪೂರ್ತಿ ಅದೇ ಮಾತು. "ರೀ, ಒಂದು ನಲ್ಲಿ, ಒಂದು ಬಲ್ಬು, ಒಳಗಡೆಯಿಂದ ಚಿಲಕ ಹಾಕೋ ಒಂದು ಕಕ್ಕಸು. ಇಷ್ಟಿದ್ರೆ ಸಾಕಲ್ವಾ? ಪಾಪ, ಯಾರಾದ್ರೂ ಒಂದು ರಾತ್ರಿ ನಿಶ್ಚಿಂತೆಯಾಗಿ ಮಲಗಿ ಹೋಗ್ತಾರೆ."

ನಾನು "ಸಾಕು" ಎಂದು ಹೇಳಿ ನಿದ್ದೆ ಮಾಡಿದೆ. ಯೋಜನೆಗೆ ಆಗ ನನ್ನ ಕೊಡುಗೆ ಅಷ್ಟೇ!

ಅವಳು ಹೋದ ಮೇಲೆ ಅವಳ ತಮ್ಮ ನಾಗೇಶ ಸೈಟಿನಲ್ಲಿ ಪಿ.ಜಿ. ಕಟ್ಟಿಸೋಣ ಎಂದು ಹೊರಟ. ಒಳ್ಳೆಯ ಹುಡುಗ, ದುರಾಸೆಯವನಲ್ಲ. ಖಾಲಿ ಜಾಗ ನೋಡಿದರೆ ಅವನಿಗೆ ಕೈ ತುರಿಸುತ್ತದೆ ಅಷ್ಟೆ.

"ನಿಮ್ಮಕ್ಕನ ಆಸೆ ಬೇರೆ ಇತ್ತು ಕಣಪ್ಪಾ" ಎಂದೆ.

"ಭಾವ, ಬೆಂಗ್ಳೂರಲ್ಲಿ ಯಾರು ನಿಮ್ಮ ಸೈಟು ಹುಡುಕ್ಕೊಂಡು ಬರ್ತಾರೆ? ಸರಿ, ಒಂದ್ ಮಾತು. ಒಂದೇ ಒಂದು ಗಾಡಿ ಬರಲಿ. ಜನ ಅದರಲ್ಲಿ ಒಂದು ರಾತ್ರಿ ಮಲಗಿ ಎದ್ದು ಹೋಗಲಿ. ಆಮೇಲೆ ನಾನು ಸೈಟಿನ ಸುದ್ದಿ ಎತ್ತಿದ್ರೆ ಕೇಳಿ."

ಹೀಗೆ ಒಪ್ಪಂದವಾದ ಸ್ವಲ್ಪ ದಿನಕ್ಕೇ ವಿಶಾಲುವಿನ ಫೋನು ಹೊಡೆದುಕೊಂಡಿತು. ಅದನ್ನು ನಾನು ದಿನಾ ಚಾರ್ಜ್ ಮಾಡಿ ಇಡುತ್ತೇನೆ, ಯಾಕೆ ಎಂದು ಕೇಳಬೇಡಿ.

"ವಿಶಾಲಕ್ಕಾರೇನ್ರಿ?"

"ಅವರ ಯಜಮಾನ್ರು. ಹೇಳಿ."

"ನಾ ಶಿವಲೀಲಾರಿ, ಬಾದಾಮ್ಯಾಗ ಸಿಕ್ಕಿದ್ವಿ. ಶನಿವಾರ ಸಂಜಿಕ ನಿಮ್ಮ ಕಡೆ ಬರಾಕತ್ತೀವ್ರಿ. ಜಾಗಾ ಐತಲ್ರಿ?"

ಹೇಳಬೇಕಾದ್ದನ್ನು ಹೇಳಲು ಬಾಯಿ ತೆರೆದೆ. ಬಂದ ಮಾತು: "ಐತ್ರಿ!" ಹುಟ್ಟಿದಾಗಿನಿಂದ ಬೆಂಗಳೂರಿನವನು ನಾನು. ಆ ಭಾಷೆ ಎಲ್ಲಿಂದ ಬಂತೋ!

ಕಾಮಗಾರಿ ಮರುದಿನವೇ ಶುರುವಾಯಿತು. ನಲ್ಲಿ ಮೊದಲೇ ಇತ್ತು. ಬಲ್ಬು ನಾನೇ ಹಾಕಿಸಿದೆ. ಬಹಳ ಚೆನ್ನಾಗಿ ಉರಿಯಿತು. ಸ್ವಿಚ್ಚು ಮಾತ್ರ ನಮ್ಮ ಅಡುಗೆಮನೆಯಲ್ಲಿ! ಅತಿಥಿಗಳಿಗೆ ಬೆಳಕು ಬೇಕಾದರೆ ಕೂಗಬೇಕು, ನಾನು ಹಾಕಬೇಕು. ಪರವಾಗಿಲ್ಲ, ಹೇಗೂ ನಾನು ಎಚ್ಚರವಾಗೇ ಇರುತ್ತೇನೆ ಎಂದುಕೊಂಡೆ.

ಮೂಲೆಯಲ್ಲಿ, ಮನೆ ಕಟ್ಟುವಾಗ ಕೂಲಿಯವರಿಗೆಂದು ಮಾಡಿದ ಕಕ್ಕಸಿತ್ತು. ಸುಣ್ಣ ಹೊಡೆದು, ಚಿಲಕವನ್ನು ಸ್ವಂತ ಕೈಯಿಂದ ಜಡಿದೆ. ನಂತರ ಅದರ ಗುಣಮಟ್ಟ ಪರೀಕ್ಷಿಸಲು ಒಳಗೆ ಹೋಗಿ ಹಾಕಿಕೊಂಡೆ. ಗುಣಮಟ್ಟ ಅತ್ಯುತ್ತಮವಾಗಿತ್ತು. ತೆಗೆಯಲು ಬರಲಿಲ್ಲ!

ಎದುರುಮನೆಯ ಸೆಲ್ವಿ ನನ್ನ ಕೂಗು ಕೇಳಿ ಓಡಿಬಂದಳು. "ಯಾರದು ಒಳಗೆ?"

"ನಾನಮ್ಮಾ. ಚಿಲಕ ನೋಡ್ತಿದ್ದೆ."

"ನೋಡಿದ್ದು ಸಾಕು, ಆಚೆ ಬನ್ನಿ ಅಣ್ಣಾ."

"ಅದೇ ಆಗ್ತಿಲ್ಲ."

"ಅಯ್ಯೋ ಸಾಮಿ! ಅಕ್ಕ ಇದ್ದಿದ್ರೆ ನಿಮ್ಮ ಕೈಗೆ ಸುತ್ತಿಗೆ ಕೊಡ್ತಿದ್ರಾ?" ಎನ್ನುತ್ತಾ ಅವಳೇ ಒಂದು ಕಬ್ಬಿಣದ ಸಲಾಕೆ ತಂದು ಬಾಗಿಲು ಮೀಟಿದಳು. ಆಮೇಲೆ ಬಡಗಿ ಬಂದು ಬೇರೆ ಚಿಲಕ ಹಾಕಿದ. ನನ್ನನ್ನು ದೂರ ನಿಲ್ಲಿಸಿಯೇ ಹಾಕಿದ.

ಇನ್ನು ನೆಲ. ಅದು ತಗ್ಗು ದಿಣ್ಣೆಯಾಗಿತ್ತು. ಒಂದು ಲೋಡು ಕೆಮ್ಮಣ್ಣು ಹೊಡೆಸಿ ಹರಡಿಸಿದೆ. ಗೇಟಿನಿಂದ ಒಳಕ್ಕೆ ಗಾಡಿ ಬರಲು ಚಪ್ಪಡಿ ಕಲ್ಲುಗಳ ಒಂದು ದಾರಿ ಮೊದಲೇ ಇತ್ತು. ನೋಡಿದರೆ ಮೈದಾನ! ನನಗೇ ಹೆಮ್ಮೆಯಾಯಿತು.

ಶನಿವಾರ ಬಂತು. ಮನೆಗೆ ಯಾರಾದರೂ ಬರುವ ದಿನ ವಿಶಾಲು ಏನು ಮಾಡುತ್ತಿದ್ದಳು? ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುತ್ತಿದ್ದಳು. ಅಂಗಳಕ್ಕೆ ನೀರು ಹಾಕದೆ ಅತಿಥಿಗಳನ್ನು ಕರೆಯುವುದುಂಟೇ? ಅವಳು ಚೊಂಬಿನಲ್ಲಿ ತೆಗೆದುಕೊಂಡು ಕೈಯಲ್ಲಿ ಚಿಮುಕಿಸುತ್ತಿದ್ದಳು. ಆದರೆ ಇದು ದೊಡ್ಡ ಅಂಗಳ. ನಾನು ಪೈಪು ಹಚ್ಚಿದೆ. ಧೂಳು ಏಳಬಾರದೆಂದು ಬೆಳಗ್ಗೆ ಹಾಕಿದೆ. ಬಿಸಿಲಿಗೆ ಒಣಗಿತೆಂದು ಮಧ್ಯಾಹ್ನ ಹಾಕಿದೆ. ಸಂಜೆ ಅವರು ಬರುವ ಹೊತ್ತಿಗೆ ತಾಜಾ ಇರಲೆಂದು ಮತ್ತೆ ಹಾಕಿದೆ. ಹೊಸ ಮಣ್ಣು ಕೊಟ್ಟಷ್ಟೂ ಕುಡಿಯಿತು. ನಾನೂ ಕೈ ಬಿಚ್ಚಿ ಕೊಟ್ಟೆ.

ರಂಗೋಲಿಗೆ ಸೆಲ್ವಿಯನ್ನು ಕರೆದೆ. "ಅಕ್ಕನ ಅತಿಥಿಗಳಲ್ವಾ, ಬಿಡಿ ನಂಗೆ" ಎಂದವಳೇ ಗೇಟಿನ ಒಳಗೆ ಚಪ್ಪಡಿ ದಾರಿಯ ಮೇಲೆ, ಅಷ್ಟಗಲಕ್ಕೂ, ಬಣ್ಣ ತುಂಬಿದ ನವಿಲಿನ ರಂಗೋಲಿ ಬಿಟ್ಟಳು. ಬೀದಿಯವರೆಲ್ಲ ಬಂದು ಫೋಟೋ ತೆಗೆದರು. ಗಾಡಿ ಬರಬೇಕಾದ ದಾರಿ ಅದೊಂದೇ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಬೆಂದು ಕ್ಯಾರವಾನ್ ಬಂದೇಬಿಟ್ಟಿತು. ಮಲ್ಲಣ್ಣ ಗೇಟಿನೊಳಗೆ ಗಾಡಿಯ ಮೂತಿ ತೂರಿಸಿದ್ದೇ ತಡ, ಪಕ್ಕದಲ್ಲಿ ಕೂತ ಶಿವಲೀಲಾ ಕೂಗಿದರು. "ಏ ನಿಲ್ಲಸ್ರೀ! ರಂಗೋಲಿ ಮ್ಯಾಲ ಗಾಲಿ ಹಾಯಸ್ತೀರೇನು?"

"ಮತ್ತ ಹಾರಸ್ಕೊಂಡ್ ಹೋಗ್ಲೇನು? ವಿಮಾನ ಐತೇನ ಇದು?"

"ಬಾಜೂಕ ತಗೋರಿ! ಅಷ್ಟ ಜಾಗಾ ಐತಿ, ಕಣ್ಣ ಕಾಣ್ಸಂಗಿಲ್ಲೇನು?"

ನಾನೂ ದನಿಗೂಡಿಸಿದೆ. "ಬನ್ನಿ ಬನ್ನಿ, ಎಡಕ್ಕೆ ಬನ್ನಿ, ನೆಲ ಗಟ್ಟಿ ಇದೆ!"

ಗಾಡಿ ಎಡಕ್ಕೆ ತಿರುಗಿತು. ರಂಗೋಲಿಗೆ ಕೂದಲೆಳೆಯಷ್ಟೂ ತಾಗಲಿಲ್ಲ. ಮುಂದಿನ ಗಾಲಿ 'ಪಚಕ್' ಎಂದಿತು. ಹಿಂದಿನ ಗಾಲಿಯೂ ಒಪ್ಪಿತು. ಮಲ್ಲಣ್ಣ ಜೋರಾಗಿ ಆಕ್ಸಿಲರೇಟರ್ ಒತ್ತಿದ್ದಕ್ಕೆ ಗಾಡಿ ಇನ್ನೂ ಒಂದಿಷ್ಟು ಇಳಿದು, ನಿಧಾನಕ್ಕೆ, ಬಹಳ ಮರ್ಯಾದೆಯಿಂದ, ಎಡಕ್ಕೆ ವಾಲಿ ಮೂಲೆಯ ಕಕ್ಕಸಿನ ಗೋಡೆಗೆ ಒರಗಿಕೊಂಡಿತು. ಬಾಗಿಲಿಗೆ ಅಡ್ಡವಾಗಿ! ಅತ್ಯುತ್ತಮ ಚಿಲಕವಿದ್ದ ಆ ಕೋಣೆಗೆ ಇನ್ನು ಯಾರೂ ಹೋಗುವಂತಿರಲಿಲ್ಲ.

ಸೆಲ್ವಿ ಮೊದಲು ಗಾಡಿ ನೋಡಿದಳು, ಆಮೇಲೆ ರಂಗೋಲಿ ನೋಡಿದಳು. ಕೊನೆಗೆ, "ನವಿಲು ಉಳೀತು ಅಣ್ಣಾ" ಎಂದಳು.

ಶಿವಲೀಲಾ ಸೀರೆ ಎತ್ತಿ ಹಿಡಿದು ಕೆಸರಿಗೆ ಇಳಿದವರು ಗಾಡಿಯ ಕಡೆ ನೋಡಲೇ ಇಲ್ಲ. "ವಿಶಾಲಕ್ಕಾರು ಎಲ್ಲದಾರ್ರೀ?" ಎಂದರು.

ಕೆಸರಿನಲ್ಲಿ ಮೊಣಕಾಲವರೆಗೆ ನಿಂತು ಹೇಳುವ ಮಾತಲ್ಲ ಅದು. ಆದರೆ ಬೇರೆ ಜಾಗವೂ ಇರಲಿಲ್ಲ. ಹೇಳಿದೆ.

ಅವರು ಎತ್ತಿ ಹಿಡಿದಿದ್ದ ಸೀರೆಯನ್ನು ಕೈಬಿಟ್ಟರು. "ಫೋನಿನ್ಯಾಗ ಯಾಕ ಹೇಳ್ಲಿಲ್ರೀ?"

"ಹೇಳಿದ್ರೆ ನೀವು ಬರ್ತಿರಲಿಲ್ಲ."

ಅವರು ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದರು. ಕೈ ತುಂಬಾ ಕೆಸರು. ಸೆಲ್ವಿ ಬಂದು ತನ್ನ ಸೆರಗಿನಿಂದ ಒರೆಸಿದಳು. ಭಾಷೆ ಬೇರೆ ಬೇರೆ, ಪರಿಚಯವಾಗಿ ಐದು ನಿಮಿಷವಾಗಿಲ್ಲ, ಇಬ್ಬರೂ ಸೇರಿ ಅಳತೊಡಗಿದರು. ಮಲ್ಲಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು, "ಟೋಯಿಂಗ್ ಗಾಡಿ ಸಿಗತೈತೇನ್ರಿ?" ಎಂದರು. ಗಂಡಸರಿಗೆ ಸಂತಾಪ ಸೂಚಿಸಲು ಬರುವುದು ಇಷ್ಟೇ.

ಫೋನ್ ಮಾಡಿದೆ. ನಾಳೆ ಬೆಳಗ್ಗೆ ಬರುತ್ತೇವೆಂದರು.

ಅಷ್ಟು ವಾಲಿದ ಗಾಡಿಯಲ್ಲಿ ಗಂಡ ಹೆಂಡತಿ ಮಲಗುವುದು ಹೇಗೆ? ಬಲಗಡೆ ಮಲಗಿದವರು ಎಡಗಡೆಯವರ ಮೇಲೆ ಉರುಳಬೇಕು. ಮಲ್ಲಣ್ಣನವರ ಮೈಕಟ್ಟು ನೋಡಿ ಶಿವಲೀಲಾ, "ನಾ ಒಲ್ಲೆರೀ, ನಂಗ ಇನ್ನೂ ತಿರುಪತಿ ನೋಡೋದೈತಿ" ಎಂದರು. ಊಟ ಸೆಲ್ವಿಯ ಮನೆಯಲ್ಲಾಯಿತು. ಮಲಗಲು ನಮ್ಮ ಮನೆಯ ಮಂಚವಿದೆ ಎಂದೆ. ಹೊಸ ಬೆಡ್‌ಶೀಟ್ ಹಾಸಿದೆ. ಆ ಮಂಚದ ಮೇಲೆ ಮತ್ತೆ ಯಾರಾದರೂ ಮಲಗುತ್ತಾರೆಂದು ಎಣಿಸಿರಲಿಲ್ಲ. ದಿಂಬು ತಟ್ಟಿ ಇಡುವಾಗ ಮನಸ್ಸು ಹೇಗೋ ಆಯಿತು, ಆದರೆ ಕೆಟ್ಟದಾಗಿ ಅಲ್ಲ.

ಮಲ್ಲಣ್ಣನಿಗೆ ಮಾತ್ರ ಸಮಾಧಾನವಿಲ್ಲ. "ಗಾಡ್ಯಾಗ ಎಲ್ಲಾ ಸಾಮಾನೈತ್ರಿ. ಹಂಗ ಬಿಟ್ಟು ಹೆಂಗ ಮಲಗೋದು?"

"ನೀವು ಚಿಂತೆ ಮಾಡ್ಬೇಡಿ, ನಾನು ಅದರಲ್ಲಿ ಕಾವಲು ಕೂರ್ತೀನಿ. ನಂಗೆ ಹೇಗೂ ನಿದ್ದೆ ಬರಲ್ಲ" ಎಂದೆ.

ಕೂತಿದ್ದು ನೆನಪಿದೆ. ಗಾಡಿ ಎಡಕ್ಕೆ ವಾಲಿದ್ದರಿಂದ ನಾನೂ ವಾಲಿದೆ. ಗೋಡೆಗೂ ಹಾಸಿಗೆಗೂ ನಡುವಿನ ಸಂದಿಯಲ್ಲಿ, ತೊಟ್ಟಿಲಲ್ಲಿ ಮಗುವಿದ್ದ ಹಾಗೆ, ಹೋಗಿ ಸೇರಿಕೊಂಡೆ. ಮುಂದಿನದು ಗೊತ್ತಿಲ್ಲ.

ಗಾಡಿಯ ಗ್ಲಾಸನ್ನು ಯಾರೋ ಬಡಿದಾಗ ಎಚ್ಚರವಾಯಿತು. ಹೊರಗೆ ಸುಡುಸುಡು ಬಿಸಿಲು, ಟೋಯಿಂಗ್ ಗಾಡಿಯ ಸುಳಿವಿಲ್ಲ. ಬಾಗಿಲು ತೆಗೆದರೆ ಎದುರಿಗೆ ನಾಗೇಶ.

"ಭಾವ? ನೀವೇನ್ ಮಾಡ್ತಿದ್ದೀರಾ ಇಲ್ಲಿ? ಗಾಡಿಯವರೆಲ್ಲಿ?"

"ಮನೇಲಿ ಮಲಗಿದ್ದಾರೆ."

"ಮತ್ತೆ ಗಾಡೀಲಿ?"

ನಾನು ಬಗ್ಗಿ ಚಪ್ಪಲಿ ಹುಡುಕಿದೆ. ವಿಶಾಲುವಿನ ಸೈಟು ಕೈತಪ್ಪಿತು ಎಂದುಕೊಂಡೆ. ಸೆಲ್ವಿ ಅವಳ ಗೇಟಿನಿಂದಲೇ ಕೂಗಿದಳು. "ಗಾಡೀಲಿ ಅಣ್ಣಾನೇ ಮಲಗಿದ್ದು! ಗೊರಕೆ ನಮ್ಮನೆವರೆಗೂ ಬರ್ತಿತ್ತು!"

ನಾಗೇಶ ನನ್ನ ಮುಖವನ್ನು ಹತ್ತಿರದಿಂದ ನೋಡಿದ. ಕೆನ್ನೆಯ ಮೇಲೆ ದಿಂಬಿನ ಗೆರೆ ಬಿದ್ದಿತ್ತಂತೆ. "ನಿದ್ದೆ ಮಾಡಿದ್ರಾ?" ಎಂದ.

"ಮಾಡಿದೆ ಅನ್ಸುತ್ತೆ."

"ರಾತ್ರಿ ಪೂರ್ತಿ?"

"ಪೂರ್ತಿ."

ಅವನು ಬೇರೆ ಕಡೆ ಮುಖ ತಿರುಗಿಸಿ ಸುಮ್ಮನೆ ಟೈರು ಒದ್ದ. ಟೈರು ಕಾಣುತ್ತಲೇ ಇರಲಿಲ್ಲ, ಕೆಸರನ್ನು ಒದ್ದ. "ಸರಿ ಬಿಡಿ. ಒಂದು ಗಾಡಿ, ಒಂದು ರಾತ್ರಿ. ಮಲಗಿದ್ದು ಜನಾನೇ ತಾನೇ? ಆಯ್ತು. ಪಿ.ಜಿ. ಸುದ್ದಿ ಎತ್ತಲ್ಲ" ಎಂದ. ಹೊರಡುತ್ತಾ, "ಆದ್ರೆ ಭಾವ, ಮುಂದಿನ ಗಾಡಿ ಬರೋ ಮುಂಚೆ ನಂಗೊಂದು ಫೋನ್ ಮಾಡಿ. ಕಾಂಕ್ರೀಟ್ ನಾನು ಹಾಕಿಸ್ತೀನಿ. ನೀವು ಯಾವುದನ್ನೂ ಮುಟ್ಟಬೇಡಿ" ಎಂದ.

ಹೀಗೆ ನಮ್ಮ ತಂಗುದಾಣ ವಿಧ್ಯುಕ್ತವಾಗಿ ಆರಂಭವಾಯಿತು. ಅಲ್ಲಿ ತಂಗಿದ ಮೊಟ್ಟಮೊದಲ ಪ್ರವಾಸಿ ಪಕ್ಕದ ಮನೆಯಿಂದ ಬಂದಿದ್ದ.

ಆ ಪ್ರವಾಸಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮುಖ ತೊಳೆಯಲು ಮನೆಗೆ ಹೋದ. ಬಚ್ಚಲುಮನೆಯ ಬಾಗಿಲು ಹಾಕಿತ್ತು. ಒಳಗೆ ಯಾರೋ ಸ್ನಾನ ಮಾಡುತ್ತಿದ್ದರು. ಬಹಳ ಹೊತ್ತು ಕಾದು, ಮೆಲ್ಲಗೆ ಬಾಗಿಲು ತಟ್ಟಿದೆ.

"ಯಾರ್ರೀ ಅದು?" ಮಲ್ಲಣ್ಣನ ದನಿ.

ಏನು ಹೇಳಲಿ? "ಗಾಡಿಯವನು" ಎಂದೆ.

"ಸ್ವಲ್ಪ ನಿಂದರಪ್ಪಾ, ಮನ್ಯಾಗಿನವರದು ಮೊದಲ ಮುಗೀಲಿ!"

ನಿಂತೆ.