ಮಾವನ ಹೆಸರಿಗೆ ಬೀಳದ ಹಳದಿ

ಐದು ನಿಮಿಷದ ಕೆಲಸವನ್ನು ಐದು ದಿನ ಮಾಡುವುದರಲ್ಲಿ ನನಗೊಂದು ಗುಪ್ತ ಸುಖವಿದೆ. ಹೆಂಡತಿಯ ಮುಂದೆ ಇದನ್ನು ಒಪ್ಪಿಕೊಂಡಿಲ್ಲ, ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ. ಕೈಯಿಂದ ಮಾಡಿದರೆ ಮುಗಿದುಹೋಗುವ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವುದು ನನ್ನ ಚಟ. ಈಗ ಹೇಳಹೊರಟಿರುವ ಪ್ರಸಂಗದ ಕಾಲಕ್ಕೆ ಹುಬ್ಬಳ್ಳಿಯ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆನಾದ್ದರಿಂದ ಚಟವೇ ಹೊಟ್ಟೆಪಾಡೂ ಆಗಿತ್ತು. ಗುರುತು ಹಾಕುವ ವಿಷಯದಲ್ಲಂತೂ ನಾನು ಮೊದಲಿಂದಲೂ ಅಷ್ಟಕ್ಕಷ್ಟೆ. ಮುಖ್ಯವಾದ ಸಾಲುಗಳ ಕೆಳಗೆ ಗೆರೆ ಎಳೆಯಿರಿ ಎಂದು ಹೈಸ್ಕೂಲಿನ ಮಾಸ್ತರರು ಹೇಳಿದ್ದಕ್ಕೆ ಇತಿಹಾಸದ ಪುಸ್ತಕದ ಪ್ರತಿ ಸಾಲಿಗೂ ಕೆಂಪು ಗೆರೆ ಎಳೆದಿದ್ದೆ. ಯಾವುದನ್ನು ಬಿಟ್ಟರೂ ಅದೇ ಪರೀಕ್ಷೆಗೆ ಬಂದೀತೆಂಬ ಭಯ. "ಇದರಾಗ ಬಿಟ್ಟದ್ದು ಏನರ ಐತೇನಪಾ?" ಎಂದು ಅವರು ಆ ಪುಸ್ತಕವನ್ನು ಇಡೀ ತರಗತಿಗೆ ತೋರಿಸಿದ್ದರು.

ನಮ್ಮ ಅಣ್ಣ ಕಾಳುಕಡಿ ವ್ಯಾಪಾರಿ. ಅವನ ಮಗಳ ಮದುವೆ ಗೊತ್ತಾದಾಗ, ಕರೆಯಬೇಕಾದವರೆಲ್ಲರ ಹೆಸರು, ವಿಳಾಸಗಳನ್ನು ಲಗ್ನಪತ್ರಿಕೆ ಅಚ್ಚು ಹಾಕಿದವರೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿ ಸಿಡಿಯಲ್ಲಿ ಕೊಟ್ಟರು. ನಮ್ಮಲ್ಲಿ ಕರೆಯುವುದರಲ್ಲಿ ಎರಡು ತರ. ಬರೀ ಪರಿಚಯದವರಿಗೆ ಪತ್ರಿಕೆ ಅಂಚೆಯಲ್ಲಿ ಹೋದರೆ ಸಾಕು. ಹತ್ತಿರದವರ ಮನೆಗೆ ಮಾತ್ರ ಗಂಡಹೆಂಡತಿ ಖುದ್ದು ಹೋಗಿ, ಮನೆಯಾಕೆಗೆ ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆಯಬೇಕು. ಇದು ಅದಲುಬದಲಾದರೆ ಮುಂದಿನ ಮೂರು ಮದುವೆಗಳ ತನಕ ಮಾತು ಬಿಡುತ್ತಾರೆ. ಖುದ್ದು ಕರೆಯಬೇಕಾದವರ ಹೆಸರುಗಳನ್ನಷ್ಟೇ ಅಣ್ಣ ತನ್ನ ಗುಮಾಸ್ತನಿಗೆ ಹೇಳಿ ಬೇರೆ ಬರೆಸಿದ್ದ. ಆ ಸಣ್ಣ ಪಟ್ಟಿಯೂ ಟೈಪಾಗಿ ಅದೇ ಸಿಡಿಯಲ್ಲಿತ್ತು.

"ಈ ಹೆಸರಿನವರಿಗೆ ದೊಡ್ಡ ಪಟ್ಟ್ಯಾಗ ಗುರುತು ಹಾಕು. ಅವರನ್ನ ನೀನೂ ನಿನ್ನ ಹೇಣ್ತಿನೂ ಹೋಗಿ ಕರದು ಬರ್ರಿ. ನಂಗ ಮಂಟಪ, ಅಡಗಿಯವರು, ಇದರಾಗ ಪುರಸೊತ್ತಿಲ್ಲ. ಉಳಿದಿದ್ದನ್ನ ಗುಮಾಸ್ತ ಪೋಸ್ಟಿಗೆ ಹಾಕ್ತಾನ" ಎಂದ ಅಣ್ಣ.

"ಹಳದಿ ಪೆನ್ನು ಕಪಾಟನ್ಯಾಗ ಐತಿ ನೋಡ್ರಿ" ಎಂದಳು ನನ್ನ ಹೆಂಡತಿ. ನಾನು ನಕ್ಕೆ. ಸಣ್ಣ ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ಪಿಡಿಎಫ್‌ನಲ್ಲಿ ಹುಡುಕಿ, ಸಿಕ್ಕ ಸಾಲಿನ ಮೇಲೆ ತಾನೇ ಹಳದಿ ಬಳಿಯುವ ಪ್ರೋಗ್ರಾಂ ಬರೆಯಲು ಕುಳಿತೆ. ಮೊದಲ ದಿನ ಹಳದಿ ಎಲ್ಲೂ ಕಾಣಲಿಲ್ಲ. ಎರಡನೆಯ ದಿನ ಇಡೀ ಪುಟವೇ ಹಳದಿಯಾಯಿತು. ಮೂರನೆಯ ದಿನ ಪಿಡಿಎಫ್ ತೆರೆಯಲೇ ಇಲ್ಲ. ನಾಲ್ಕನೆಯ ದಿನ, ನಡುವೆ ಒಂದೇ ಹೆಸರಿದ್ದ ಒಂದು ಪುಟ ಮಾಡಿ ಪರೀಕ್ಷಿಸಿದರೆ ಹಳದಿ ಸರಿಯಾಗಿ ಆ ಹೆಸರಿನ ಮೇಲೆಯೇ ಬಿತ್ತು! ಇಡೀ ಪಟ್ಟಿಗೆ ಅದನ್ನೇ ಓಡಿಸಿ, ಬಣ್ಣದಲ್ಲಿ ಪ್ರಿಂಟ್ ತೆಗೆಸಿ, ಒಂದು ಪ್ರತಿಯನ್ನು ಗುಮಾಸ್ತನಿಗೂ ಕೊಟ್ಟೆ. ಸಣ್ಣ ಪಟ್ಟಿಯನ್ನು ನಾನು ಒಮ್ಮೆಯೂ ತೆರೆದು ಓದಿರಲಿಲ್ಲ. ಅದನ್ನು ಓದುವುದು ಪ್ರೋಗ್ರಾಮಿನ ಕೆಲಸವಲ್ಲವೇ?

ಸ್ಕೂಟರಿನ ಮೇಲೆ ನಾವಿಬ್ಬರೂ ಕರೆಯಲು ಹೊರಟೆವು. ಗಬ್ಬೂರಿನ ಬೈಪಾಸ್ ಹತ್ತಿರದ ಒಬ್ಬ ವೆಲ್ಡಿಂಗ್ ಅಂಗಡಿಯವನ ಹೆಸರಿಗೆ ದಟ್ಟವಾಗಿ ಹಳದಿ ಬಿದ್ದಿತ್ತು. ಆತ ಗಾಬರಿಯಾಗಿ ಎದ್ದು ನಿಂತ. ಹೆಂಡತಿಯನ್ನು ಕರೆದು ಕುಂಕುಮ ಹಚ್ಚಿಸಿಕೊಳ್ಳಲು ಹೇಳಿದ. "ಅಂಗಡಿ ಶಟರ್ ಒಂದ ಸಲ ರಿಪೇರಿ ಮಾಡಿದ್ನಿರಿ. ಅಷ್ಟಕ್ಕ ಮನಿತನಕ ಬಂದು ಕರೀತೀರಿ ಅಂದ್ರ ದೊಡ್ಡ ಮಂದಿರಿ ನೀವು" ಎಂದು ಕಣ್ಣೊರೆಸಿಕೊಂಡ. ಹೊರಗೆ ಬಂದಾಗ ಹೆಂಡತಿ, "ಇವರು ನಿಮಗ ಏನಾಗಬೇಕ್ರಿ?" ಎಂದಳು. "ಅಣ್ಣಗ ಬೇಕಾದವರಿರಬೇಕು" ಎಂದೆ. ಆಮೇಲೆ ಒಬ್ಬ ಟೇಲರ್, ಒಬ್ಬ ಹಳೆಯ ಬಾಡಿಗೆದಾರ, ಹೀಗೆ ಹಳದಿ ಕರೆದಲ್ಲೆಲ್ಲ ಹೋದೆವು.

ಮೊದಲ ಪುಟದ ಮೊದಲ ಹೆಸರು ಹೆಬ್ಬಳ್ಳಿ ಎಂಬ ಊರಿನ ನಮ್ಮ ಸೋದರಮಾವನದು. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಓದಿಸಿದವರು ಅವರೇ. ಮನೆಯ ಯಾವ ಶುಭಕಾರ್ಯವೂ ಅವರು ಮೊದಲ ಅಕ್ಷತೆ ಹಾಕದೆ ನಡೆದಿಲ್ಲ. ಆ ಹೆಸರು ಬೆಳ್ಳಗಿತ್ತು. ಅಣ್ಣ ತಾನೇ ಹೋಗಿ ಕರೆದು ಬಂದಿರಬೇಕು ಎಂದು ಪುಟ ತಿರುವಿದೆ.

ವಾರದ ನಂತರ ಅಣ್ಣನ ಫೋನು ಬಂತು, ಹಿಂದಿನಿಂದ ಅತ್ತಿಗೆ ಅಳುವುದೂ ಕೇಳುತ್ತಿತ್ತು. "ಮಾವಗ ಪೋಸ್ಟಿನ್ಯಾಗ ಪತ್ರಿಕಿ ಹೋಗೇತಲ್ಲೋ! 'ಪೋಸ್ಟಿನ್ಯಾಗ ಕರದೀರಿ, ಪೋಸ್ಟಿನ್ಯಾಗ ಅಕ್ಷತಿ ಕಳಸ್ತೇನಿ' ಅಂದಾರ. ನಿಮ್ಮ ವೈನಿ ಅಳಾಕತ್ತಾಳ. ಏನ ಮಾಡಿದ್ಯೋ ಮಾರಾಯಾ?"

ಏನು ಮಾಡಿದ್ದೆ ಎಂಬುದು ಕಂಪ್ಯೂಟರಿನ ಮುಂದೆ ಕುಳಿತ ಮೇಲೆ ಗೊತ್ತಾಯಿತು. ಪಿಡಿಎಫ್‌ನಲ್ಲಿ ಎತ್ತರವನ್ನು ಪುಟದ ಕೆಳ ಅಂಚಿನಿಂದ ಅಳೆಯುತ್ತಾರೆ. ನಾನು ಮೇಲಿನಿಂದ ಅಳೆದಿದ್ದೆ. ಮೊದಲ ಸಾಲಿನ ಮಾವನಿಗೆ ಬೀಳಬೇಕಾದ ಹಳದಿ ಅದೇ ಪುಟದ ಕೊನೆಯ ಸಾಲಿನ ವೆಲ್ಡಿಂಗ್ ಅಂಗಡಿಗೆ ಬಿದ್ದಿತ್ತು. ಪರೀಕ್ಷೆಯ ಪುಟದಲ್ಲಿ ಹೆಸರು ನಟ್ಟನಡುವೆ ಇದ್ದದ್ದರಿಂದ ಎತ್ತಲಿಂದ ಅಳೆದರೂ ಒಂದೇ ಆಗಿತ್ತು.

ತಪ್ಪಿಹೋದವರನ್ನೆಲ್ಲ ಕರೆಯಬೇಕಿತ್ತು, ಮೊದಲು ಹೆಬ್ಬಳ್ಳಿ. ನಾವು ಹೋದಾಗ ಮಾವ ಕಟ್ಟೆಯ ಮೇಲೆ ಕುಳಿತಿದ್ದರು. ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಹೆಂಡತಿ ಅತ್ತೆಗೆ ಕುಂಕುಮ ಹಚ್ಚಲು ಒಳಗೆ ಹೋದಳು. ನಾನು ಪ್ರಿಂಟಿನ ಹಾಳೆಗಳನ್ನು ಹರಡಿ, ಮೇಲಿನ ಅಂಚು, ಕೆಳಗಿನ ಅಂಚು ಎಂದು ಬೆರಳಿಟ್ಟು ವಿವರಿಸಿದೆ. ತರಗತಿಯಲ್ಲೂ ಅಷ್ಟು ಚೆನ್ನಾಗಿ ಕಲಿಸಿರಲಿಲ್ಲ. ಮಾವ ಪೂರ್ತಿ ಕೇಳಿಸಿಕೊಂಡರು.

"ಅದು ಬುಡದಿಂದ ಅಳೀತೈತಿ, ನೀ ತುದಿಯಿಂದ ಅಳದಿ. ತಿಳೀತು" ಎಂದರು. "ಆದರ ತಮ್ಮಾ, ನನ್ನ ಕರೀಬೇಕೋ ಬ್ಯಾಡೋ ಅಂತ ನೀ ಹಾಳಿ ಯಾಕ ನೋಡಿದಿ?"

ನಾನು ಪ್ರಿಂಟನ್ನು ಮಡಚತೊಡಗಿದೆ. ಮಾವ ಅಂಗೈ ಚಾಚಿದರು. ಅಕ್ಷತೆ ಕೊಟ್ಟು ಕಾಲಿಗೆ ನಮಸ್ಕರಿಸಿದೆ.

ಮಾವ ಮದುವೆಗೆ ಬಂದರು, ಮೊದಲ ಅಕ್ಷತೆಯನ್ನೂ ಹಾಕಿದರು. ಪ್ರೋಗ್ರಾಮನ್ನು ನಾನು ಆ ವಾರವೇ ಸರಿಮಾಡಿದೆ. ಪುಟದ ಎತ್ತರದಿಂದ ಒಂದು ಸಂಖ್ಯೆ ಕಳೆಯುವುದು, ಅಷ್ಟೆ, ಒಂದೇ ಸಾಲಿನ ತಿದ್ದುಪಡಿ. ಮಾವ ಕೇಳಿದ್ದಕ್ಕೆ ಎಲ್ಲಿ ಏನು ತಿದ್ದಬೇಕೆಂಬುದು ಮಾತ್ರ ನನಗೆ ಇವತ್ತಿಗೂ ಹೊಳೆದಿಲ್ಲ.