ಕೋಣೆಯಲ್ಲಿ ಒಬ್ಬರೇ ಇರತಕ್ಕದ್ದು

ಹೆಂಡತಿಯ ಏಳಿಗೆಗಾಗಿ ಗಂಡನೊಬ್ಬ ಕಪಾಟಿನೊಳಗೆ ಕೂತ ಉದಾಹರಣೆ ಯಾವ ಪುರಾಣದಲ್ಲೂ ಇಲ್ಲ. ನಾನು ಕೂತಿದ್ದೇನೆ. ಅದಕ್ಕೆ ನನಗೆ ಸಿಕ್ಕ ಮರ್ಯಾದೆ ಎಂಥದ್ದೆಂದು ನೀವೇ ಕೇಳಿ.

ನನ್ನವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಊರವರ ರಕ್ತದಲ್ಲಿ ಏನೇನಿದೆ ಎಂದು ಇಂಗ್ಲಿಷಿನಲ್ಲಿ ಬರೆದುಕೊಡುವುದೇ ಅವಳ ಉದ್ಯೋಗ. ಕಳೆದ ವರ್ಷ ಅವಳಿಗೆ ಹೊರದೇಶದ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದುವ ಮನಸ್ಸಾಯಿತು. ಸೀಟೂ ಸಿಕ್ಕಿತು. ಆದರೆ ಪತ್ರದ ಕೊನೆಯ ಸಾಲಿನಲ್ಲಿ ಒಂದು ಕೊಕ್ಕೆಯಿತ್ತು: ತಮಗೆ ಇಂಗ್ಲಿಷ್ ಬರುತ್ತದೆಂದು ಪರೀಕ್ಷೆ ಕಟ್ಟಿ ರುಜುವಾತುಪಡಿಸತಕ್ಕದ್ದು. ಪತ್ರ ಇಂಗ್ಲಿಷಿನಲ್ಲೇ ಇತ್ತು. ನನ್ನವಳು ಅದನ್ನು ಇಂಗ್ಲಿಷಿನಲ್ಲೇ ಓದಿ ಇಂಗ್ಲಿಷಿನಲ್ಲೇ ಬೈದಳು. (ಆ ಬೈಗುಳಕ್ಕೇ ಪೂರ್ತಿ ಅಂಕ ಕೊಡಬಹುದಿತ್ತು.)

ಪರೀಕ್ಷೆಯನ್ನು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಬರೆಯಬಹುದು. ಎಲ್ಲೋ ದೂರದಲ್ಲಿ ಕೂತ ಮೇಲ್ವಿಚಾರಕಿ ಕ್ಯಾಮೆರಾದ ಮೂಲಕ ಕಣ್ಣಿಟ್ಟಿರುತ್ತಾಳೆ. ಕೋಣೆಯಲ್ಲಿ ಇನ್ನೊಂದು ನರಪಿಳ್ಳೆ ಇರಕೂಡದು. ಮೊದಲ ಸಲ ಪರೀಕ್ಷೆ ಅರ್ಧ ಮುಗಿದಾಗ ನಾನು ಬಾಗಿಲು ಸ್ವಲ್ಪವೇ ತೆರೆದು, "ನನ್ನ ಕನ್ನಡಕ ಎಲ್ಲಿದೆ?" ಎಂದು ಕೇಳಿದೆ. ಕನ್ನಡಕ ನನ್ನ ಮೂಗಿನ ಮೇಲಿತ್ತು. ಪರೀಕ್ಷೆ ರದ್ದಾಯಿತು. ಆಮೇಲೆ ಒಂಬತ್ತು ದಿನ ಅವಳು ನನ್ನೊಡನೆ ಕನ್ನಡದಲ್ಲೂ ಮಾತಾಡಲಿಲ್ಲ, ಇಂಗ್ಲಿಷಿನಲ್ಲೂ ಮಾತಾಡಲಿಲ್ಲ.

ಎರಡನೆಯದೇ ಕೊನೆಯ ಅವಕಾಶ. ತಪ್ಪಿದರೆ ಸೀಟು ಬೇರೆಯವರ ಪಾಲು.

"ಎರಡು ಗಂಟೆಯಿಂದ ಐದರವರೆಗೆ ನೀವು ಮನೇಲಿರಬಾರದು," ಎಂದಳು.

"ಪಾರ್ಕಿನಲ್ಲಿ ಕೂತಿರ್ತೀನಿ ಬಿಡು."

ಆದರೆ ನನ್ನ ತಲೆಯಲ್ಲಿ ಒಂದು ದಿವ್ಯ ಆಲೋಚನೆ ಮೊಳೆತಿತ್ತು. ಓದು, ಬರಹಗಳಲ್ಲಿ ಅವಳು ಗಟ್ಟಿ. ಬರೀ ಪರದೆಯ ಮುಂದೆ ಮಾತಾಡು ಎಂದರೆ ಮಾತ್ರ ನಾಲಿಗೆ ಕಟ್ಟಿಹೋಗುತ್ತದೆ. ಅಭ್ಯಾಸದ ವೇಳೆ ಗಮನಿಸಿದ್ದೆ, ನಾನು ಒಳಗೆ ಕಾಲಿಟ್ಟರೆ ಸಾಕು, "ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಹಾಕಿದ್ಯಾರು?" ಎಂಬುದನ್ನು ಭೂತ, ವರ್ತಮಾನ, ಭವಿಷ್ಯತ್ ಮೂರೂ ಕಾಲಗಳಲ್ಲಿ ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅಂದರೆ ಅವಳ ಮಾತಿಗೆ ನಾನೇ ಕೀಲೆಣ್ಣೆ. ಕಾಣದ ಹಾಗೆ ಅಡಗಿದ್ದು, ಅವಳು ತಡವರಿಸಿದಾಗ ಮೆಲ್ಲಗೆ ಕೆಮ್ಮಿದರಾಯಿತು.

ಪರೀಕ್ಷೆಗೆ ಅವಳು ಆರಿಸಿಕೊಂಡದ್ದು ನನ್ನ ಅಮ್ಮನ ಕೋಣೆ. ಅಮ್ಮ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅಲ್ಲಿ ಈಗ ಒಂದು ಮೇಜು, ಅಮ್ಮನ ಎತ್ತರದ ಮರದ ಕಪಾಟು, ಅಷ್ಟೇ. ಅವಳು ಮುಖ ತೊಳೆಯಲು ಹೋದಾಗ ನಾನು ಹೊರಬಾಗಿಲನ್ನು ಸದ್ದಾಗುವಂತೆ ಹಾಕಿ, ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿರುಗಿ ಕಪಾಟು ಹೊಕ್ಕೆ.

ಒಳಗೆ ನುಸಿಗುಳಿಗೆಯ ವಾಸನೆ, ನೀಲಗಿರಿ ಎಣ್ಣೆಯ ವಾಸನೆ. ಬಾಗಿಲ ಸಂದಿನಿಂದ ಮೇಜೂ ಕಿಟಕಿಯೂ ಕಾಣುತ್ತಿದ್ದವು. ಅಮ್ಮನ ಬೂದು ಶಾಲು ಕೆನ್ನೆಗೆ ತಾಗುತ್ತಿತ್ತು. ಹದಿನಾಲ್ಕು ತಿಂಗಳು ಯಾರೂ ಮುಟ್ಟದ ಶಾಲು, ಈಗಷ್ಟೇ ಯಾರೋ ತೆಗೆದಿಟ್ಟ ಹಾಗೆ ಬೆಚ್ಚಗಿತ್ತು. ಸೆಕೆಯಿರಬೇಕು ಎಂದುಕೊಂಡೆ.

ಎರಡು ಗಂಟೆಗೆ ಕಂಪ್ಯೂಟರಿನಿಂದ ಮೇಲ್ವಿಚಾರಕಿಯ ದನಿ ಬಂತು. (ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನಿಮಗೆ ಪರೀಕ್ಷೆಯಿಲ್ಲವಾದ್ದರಿಂದ ಕನ್ನಡದಲ್ಲಿ ಹೇಳುತ್ತೇನೆ.) ಕ್ಯಾಮೆರಾವನ್ನು ನಾಲ್ಕೂ ಗೋಡೆಗಳತ್ತ ತಿರುಗಿಸಲು ಹೇಳಿದಳು. ನನ್ನವಳು ತಿರುಗಿಸಿದಳು.

"ಕೋಣೆಯಲ್ಲಿ ಎಷ್ಟು ಜನ ಇದ್ದೀರಿ?"

"ನಾನೊಬ್ಬಳೇ."

"ಹಾಗಾದ್ರೆ ಕಿಟಕಿ ಹತ್ತಿರ ನಿಂತಿರೋರು ಯಾರು?"

ನಾನಿದ್ದದ್ದು ಕಪಾಟಿನಲ್ಲಿ. ಸಂದಿನಿಂದ ನೋಡಿದೆ. ಕಿಟಕಿಯ ಬಳಿ ಬಿಸಿಲಿತ್ತು, ಪರದೆಯಿತ್ತು, ಮತ್ತೇನೂ ಇರಲಿಲ್ಲ.

"ಅಲ್ಲಿ ಯಾರೂ ಇಲ್ವಲ್ಲ," ಎಂದಳು ನನ್ನವಳು.

"ವಯಸ್ಸಾದ ಹೆಂಗಸು. ಬೂದು ಶಾಲು ಹೊದ್ದಿದ್ದಾರೆ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಮ್ಮನ್ನೇ ನೋಡ್ತಿದ್ದಾರೆ."

ನಾನು ಕೆನ್ನೆಯ ಪಕ್ಕ ತಡವಿದೆ. ಶಾಲಿರಲಿಲ್ಲ. ಬರೀ ಹ್ಯಾಂಗರು, ಅದೂ ಮೆಲ್ಲಗೆ ತೂಗುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಕಿರುಚಿ ಬೀದಿಗೆ ಓಡುತ್ತಿದ್ದರು. ನನ್ನವಳು ಹದಿನೈದು ವರ್ಷ ಅಮ್ಮನ ಜೊತೆ ಬಾಳಿದವಳು. ಕಿಟಕಿಯನ್ನೇ ನೋಡುತ್ತ, ದನಿ ತಗ್ಗಿಸಿ ಹೇಳಿದಳು: "ಅವರು ನಮ್ಮತ್ತೆ. ಅವರಿಗೆ ಇಂಗ್ಲಿಷ್ ಬರಲ್ಲ."

"ಬರಲಿ, ಬಾರದಿರಲಿ, ಹೊರಗೆ ಹೋಗಬೇಕು. ಹೋಗೋಕೆ ಹೇಳಿ."

"ಹದಿನೈದು ವರ್ಷ ನನ್ನ ಒಂದು ಮಾತನ್ನೂ ಅವರು ಕೇಳಿಲ್ಲ. ನೀವೇ ಒಂದ್ಸಲ ಹೇಳಿ ನೋಡಿ." ಒಂದು ತೊದಲಿಲ್ಲ, ತಡವರಿಕೆಯಿಲ್ಲ. ಭಯದ ನಡುವೆಯೂ ನನಗೆ ಹೆಮ್ಮೆಯಾಯಿತು.

ಆ ಕಡೆ ಕೀಲಿಮಣೆಯ ಟಕಟಕ ಕೇಳಿಸಿ ನಿಂತಿತು. "ಮೇಡಂ, ಅವರು ನನಗೇನೋ ತೋರಿಸ್ತಿದ್ದಾರೆ. ಕಪಾಟಿನ ಕಡೆ ಬೆರಳು ಮಾಡ್ತಿದ್ದಾರೆ. ಅದನ್ನ ಸ್ವಲ್ಪ ತೆಗೀರಿ."

ಪರೀಕ್ಷೆಯ ಅರ್ಜಿಯಲ್ಲಿ ಮಾತೃಭಾಷೆ ಯಾವುದೆಂದು ಕೇಳುತ್ತಾರೆ. ನನ್ನ ಮಾತೃವಿಗೆ ಭಾಷೆಯ ಹಂಗೇ ಇರಲಿಲ್ಲ, ಬೆರಳು ಸಾಕಿತ್ತು. ಚಿಕ್ಕಂದಿನಲ್ಲಿ ಮಂಚದ ಕೆಳಗೆ, ನೀರಿನ ಡ್ರಮ್ಮಿನ ಹಿಂದೆ, ಎಲ್ಲಿ ಅಡಗಿದರೂ ಅವಳಿಗೆ ಗೊತ್ತಾಗುತ್ತಿತ್ತು.

ಕಪಾಟಿನ ಬಾಗಿಲು ತೆರೆಯಿತು. ತಲೆಗೂದಲಲ್ಲಿ ಒಂದು ನುಸಿಗುಳಿಗೆ ಸಿಕ್ಕಿಸಿಕೊಂಡು ನಾನು ಈಚೆ ಬಂದೆ.

"ಪಾರ್ಕಿನಲ್ಲಿ ಜಾಗ ಇರಲಿಲ್ಲ," ಎಂದೆ.

ಅವಳು ಬೈಯಲಿಲ್ಲ. ಆ ಮಧ್ಯಾಹ್ನ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ. ಸುಮ್ಮನೆ ಬಾಗಿಲು ತೋರಿಸಿದಳು. ಪರೀಕ್ಷೆ ಇನ್ನೂ ಶುರುವಾಗದ ಕಾರಣ ರದ್ದು ಮಾಡುವುದಿಲ್ಲ, ಆದರೆ ಇಬ್ಬರೂ ಹೊರಗೆ ಹೋಗಲಿ ಎಂದಳು ಮೇಲ್ವಿಚಾರಕಿ. ನಾನು ತಲೆ ತಗ್ಗಿಸಿ ನಡೆದೆ. ಹಿಂದೆ ಅಗುಳಿ ಬಿತ್ತು.

ಐದು ಗಂಟೆಯವರೆಗೆ ಮುಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆ. ಎಡಗಿವಿ ಒಂದೇ ಸಮನೆ ಉರಿಯುತ್ತಿತ್ತು. ಕಪಾಟಿನಲ್ಲಿ ಏನೋ ಹುಳ ಕಡಿದಿರಬೇಕು.

ಅವಳು ಹೊರಗೆ ಬಂದಾಗ ಮುಖದಲ್ಲಿ ಗೆಲುವಿತ್ತು.

"ಹೇಗಾಯ್ತು?"

"ಚೆನ್ನಾಗಾಯ್ತು. ಮಾತಾಡೋ ಭಾಗದಲ್ಲಿ, ನಿಮ್ಮ ಕೆಲಸಕ್ಕೆ ಅಡ್ಡ ಬರೋ ಒಬ್ಬರ ಬಗ್ಗೆ ಒಂದು ನಿಮಿಷ ಹೇಳಿ ಅಂತ ಬಂತು. ಒಂದು ನಿಮಿಷ ಎಲ್ಲಿ ಸಾಕು?"

ನಾನು ಕೇಳಿದೆ: "ಮತ್ತೆ... ಅಮ್ಮ?"

"ನೀವು ಹೋದ್ಮೇಲೆ ಮೇಲ್ವಿಚಾರಕೀನ ಕೇಳಿದೆ, ಅವರೂ ಹೋದ್ರಾ ಅಂತ."

"ಏನಂದ್ಲು?"

"'ಹೋದ್ರು ಮೇಡಂ, ಆ ಮನುಷ್ಯನ ಕಿವಿ ಹಿಂಡ್ಕೊಂಡು ಎಳ್ಕೊಂಡು ಹೋದ್ರು' ಅಂದ್ಲು." ಮುಖದಲ್ಲಿ ನಗೆಯ ಸುಳಿವಿರಲಿಲ್ಲ. ಬಗ್ಗಿ ನನ್ನನ್ನು ನೋಡಿದಳು. "ಎಡಗಿವಿ ಯಾಕ್ರೀ ಅಷ್ಟು ಕೆಂಪಗಾಗಿದೆ?"

ಎಂಟನೆಯ ದಿನ ಫಲಿತಾಂಶ ಬಂತು. ಮಾತಿಗೇ ಎಲ್ಲಕ್ಕಿಂತ ಹೆಚ್ಚು ಅಂಕ. ಮುಂದಿನ ತಿಂಗಳು ಹೊರಡುತ್ತಾಳೆ. ನಿನ್ನೆ ಅವಳು ಸೂಟ್‌ಕೇಸಿಗೆ ಬಟ್ಟೆ ಜೋಡಿಸುತ್ತಿದ್ದಾಗ, ಸ್ವಲ್ಪ ಕನಿಕರ ಹುಟ್ಟಲೆಂದು ನಿಟ್ಟುಸಿರಿಟ್ಟೆ. "ಎರಡು ವರ್ಷ ಈ ಮನೇಲಿ ನಾನೊಬ್ಬನೇ ಇರ್ಬೇಕಲ್ಲ."

ಅವಳು ಮಡಿಸುತ್ತಿದ್ದ ಬಟ್ಟೆಯಿಂದ ತಲೆಯೆತ್ತಲಿಲ್ಲ.

"ಒಬ್ರೇ ಅಂತ ಯಾರಂದ್ರು?"

ನಾನು ಕುಡಿದಿಟ್ಟ ಕಾಫಿ ಲೋಟವನ್ನು ಎತ್ತಿಕೊಂಡು ಹೋಗಿ, ತೊಳೆದು, ಬೋರಲು ಹಾಕಿ ಬಂದೆ.